ನಡದ ಮ್ಯಾಲಿನ ಭಾರ

ಮೊದಲ ದಿನ ಸಂಜೀಕ ರೊಟ್ಟಿ ಬಡಿಯಾಕ ಕುಂತ್ರ
ಕೈಯಾಗ ಮಶೀನು ಇನ್ನೂ ನಡದಿತ್ತು.
ಹಿಟ್ಟು ನಡಗ್ತು, ಪರಾತ ನಡಗ್ತು.
ಹಂಚಿನ ಮ್ಯಾಲ ಬಿದ್ದದ್ದು ನೋಡಿ
ರೇಣವ್ವ ನಕ್ಳು: "ಯವ್ವಾ, ಇದು ಯಾವ ಜಿಲ್ಲಾ?"

ಕೋಲು ಎಂಟು ಫೂಟು. ತುದಿಗೆ ಹಲ್ಲಿನ ಕತ್ತರಿ.
ತೂಕ ಆರು ಕಿಲೋ ಅಂತ ಡಬ್ಬಿ ಮ್ಯಾಲ ಬರದಾರ.
ಬರದವರು ಮುಂಜಾನಿ ಎಂಟಕ್ಕ ತೂಗಿರಬೇಕು.
ಹನ್ನೊಂದಕ್ಕ ತೂಗಿದ್ರ ಹದಿನಾರು,
ಬುತ್ತಿ ಉಂಡ ಮ್ಯಾಲ ತೂಗಿದ್ರ
ಎಮ್ಮಿ ಕರ, ಒದ್ದಾಡೂದು ಬ್ಯಾರೆ.

ಐ.ಬಿ. ಕಂಪೌಂಡಿನ ಬೇಲಿ ಎರಡಾಳು ಎತ್ತರ.
ಗಿಡದ ಹೆಸರು ದುರಂತಾ.
ಅದು ಬರೇ ಹೆಸರು, ಅರ್ಥ ಇಲ್ಲ ಅಂದ್ರು ಸಾಹೇಬ್ರು.
ನೀಲಿ ಹೂ, ಬೋರಮಾಳದ ಗುಂಡಿನಂಥಾ ಕಾಯಿ,
ಎಲಿ ಸಂದ್ಯಾಗ ಮುಳ್ಳು.
ಕತ್ತರಿಸಿದಷ್ಟೂ ಚಿಗಿಯೂ ಜಾತಿ.

ಬೆಲ್ಟು ಕೊಟ್ಟಿದ್ರು, ಇಲ್ಲ ಅನ್ನಂಗಿಲ್ಲ.
ಪ್ಲಾಸ್ಟಿಕ್ ಚೀಲದಾಗ, ಮ್ಯಾಲ ಚಿತ್ರ:
ಆರಡಿ ಗಂಡಸು, ಹೆಲ್ಮೆಟ್ಟು, ನಗಿ.
ನಾ ಹಾಕ್ಕೊಂಡ್ರ ಕೊಂಡಿ ಮೊಳಕಾಲಿಗೆ ಬಡೀತು,
ಪಟ್ಟಿ ಎದಿ ಮ್ಯಾಲ ಅಡ್ಡ ಕೊರೀತು,
ಸೆರಗು ಕೊಂಡ್ಯಾಗ ಸಿಕ್ತು.
ಮೇಸ್ತ್ರಿ ಗುರಪಾದ ಆ ಕಡೆ ಮುಖ ಮಾಡಿ
"ಎಲ್ಲಾರಿಗೂ ಆಗೂ ಸೈಜು ಅದು" ಅಂದ.
ಎಲ್ಲಾರು ಅಂದ್ರ ಯಾರು ಅಂತ ನಾ ಕೇಳಲಿಲ್ಲ.
ಮೊಳಿಗೆ ತೂಗು ಹಾಕಿದ್ನಿ.
ಹಲ್ಲಿಗೆ ಅದು ಬರೋಬರಿ ಆತು.

ಟಾಂಗಾ ಸ್ಟ್ಯಾಂಡಿನ ಹಿಂದ ಬಂದಗಿಸಾಬನ ಡಬ್ಬಿ ಅಂಗಡಿ.
ನಲವತ್ತು ವರ್ಷ ಕುದುರಿಗೆ ಲಗಾಮು, ಎದಿಪಟ್ಟಿ ಹೊಲದಾನ,
ಈಗ ಸಾಲಿ ಚೀಲಕ್ಕ ಜಿಪ್ಪು ಹಾಕ್ತಾನ.
ನನ್ನ ಮಾತು ಕೇಳಿ, ದಾರ ಹಲ್ಲಾಗ ಹಿಡಕೊಂಡು
ಭಾಳೊತ್ತು ಸುಮ್ಮನ ಕುಂತ.
"ನೀರಿನ ಕೊಡ ಎಲ್ಲಿ ಹೊರತಿ ಸಾವಂತ್ರವ್ವಾ?"
"ನಡದಾಗ."
"ಕೂಸಿನ್ನ?"
"ನಡದಾಗ."
"ಮತ್ತ ಈ ಸುಡುಗಾಡ ಮಶೀನು ಯಾಕ ಕುತ್ತಿಗಿಗೆ ಕಟ್ಟಕೋತಿ?
ಕುತ್ತಿಗಿಗೆ ಭಾರ ಬಿದ್ದ ಕುದುರಿ
ಸ್ಟೇಶನ್ನಿಂದ ಗೋಳಗುಮ್ಮಟ ಮುಟ್ಟೂದರೊಳಗ ಕುಸೀತೈತಿ."

ಅಳತಿ ಅವ ತಗೊಳ್ಳಲಿಲ್ಲ, ಖಾಸಿಂಬಿನ್ನ ಕರದ.
ಆಕಿ ಪರದೆ ಹಿಂದ ಗೇಣಿಲೆ ನನ್ನ ಹೆಗಲು, ಬೆನ್ನು, ನಡ ಅಳದು
ಲೆಕ್ಕ ಒದರಿದ್ಲು.
ಅವ ಹೊರಗ ಕುಂತು ಸೀಮಿಸುಣ್ಣದಲೆ
ಬಾಗಲಕ್ಕ ಬರಕೊಂಡ.

ಮಾಡದಾಗಿಂದ ಹಳೇ ಎದಿಪಟ್ಟಿ ಇಳಿಸಿದ, ತಮ್ಮನ ಕುದುರಿದು.
ಕುದುರಿ ಎಲ್ಲೈತಿ ಅಂದ್ರ
"ಆಟೋ ಆತು" ಅಂದ.
ತೊಗಲು ಎಣ್ಣಿ ಕುಡದು ಕರ್ರಗಾಗಿತ್ತು,
ಒಳಮಗ್ಗಲಿಗೆ ಬೆವರು ಒಣಗಿದ ಉಪ್ಪಿನ ಗೆರಿ.
ಅದನ್ನ ಒರಸಬ್ಯಾಡ ಅಂದ್ನಿ.
ಯಾಕಂದ್ನೋ ಏನೋ.

ಮರುದಿನ ಕೋಲು ಕೊಂಡಿಗೆ ಹಾಕಿ
ಅಂಜಿಕೋತ ಕೈ ಬಿಟ್ನಿ.
ಬೀಳಲಿಲ್ಲ.
ಭಾರ ಹೆಗಲಿಂದ ಇಳದು, ಬೆನ್ನಗುಂಟ ಜಾರಿ
ತನ್ನ ಹಳೇ ಜಾಗಾದಾಗ ಹೋಗಿ ಕುಂತ್ತು,
ರೇಣವ್ವ ಕುಂದರ್ತಿದ್ದ ಜಾಗಾ.
ಕೈಗೆ ಉಳದದ್ದು ದಾರಿ ತೋರಸೂ ಕೆಲಸ ಅಷ್ಟ.

ಸುಳ್ಳು ಹೇಳಬಾರದು: ದಣಿವು ಹೋಗಿಲ್ಲ.
ಹನ್ನೊಂದಕ್ಕ ಬರೂದು ನಾಕಕ್ಕ ಬರತೈತಿ,
ಬಂದ್ರೂ ಬಾಗಲಾಗ ನಿಂತು, ಕೆಮ್ಮಿ, ಒಳಗ ಬರತೈತಿ.
ಬೇಲಿ ತುದಿ ಕೆರಿ ನೀರಿನಂಗ ಸಮ.
ಗುರಪಾದ ಎರಡು ಸಲ ಸುತ್ತು ಹೊಡದು
"ನನಗೂ ಒಂದು ಹೊಲಸವ್ವಾ" ಅಂದ.
"ನಿಮ್ಮ ಅಳತಿ ಬ್ಯಾರೆ ಆಗತೈತ್ರಿ" ಅಂದ್ನಿ.

ನಿನ್ನೆ ಸಂಜೀಕ ಪಟ್ಟಿ ಬಿಚ್ಚದನ
ಸ್ಟ್ಯಾಂಡಿನ ಮುಂದ ಹಾದು ಬಂದ್ನಿ.
ಮೂರು ಟಾಂಗಾ, ಮೂರು ಕುದುರಿ,
ಕಡ್ಲಿ ಚೀಲದಾಗ ಮೂತಿ.
ನಡುವಿನ ಬಿಳಿ ಕುದುರಿ ಮೂತಿ ಹೊರಗ ತಗದು
ಕಿವಿ ಈ ಕಡೆ ತಿರುವಿತು.
ಬಕ್ಕಲ್ಲಿನ ಸಪ್ಪಳಕ್ಕೋ, ವಾಸನಿಗೋ.
ನಾ ನಿಂತ್ನಿ.
ಅದು ನನ್ನ ನೋಡಲಿಲ್ಲ,
ಪಟ್ಟಿ ನೋಡ್ತು.

ಗಿರಣ್ಯಾಗ ಹಿಟ್ಟು ಕಾಯ್ತಿತ್ತು. ಹೊಂಟ್ನಿ.